ನಡುವಿನ ನೋವು, ನಡುಮನೆಯ ದುಃಖ

ನರಗುಂದದಿಂದ ನವಲಗುಂದದ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸುಗಳಲ್ಲಿ, ಕಾಲೇಜು ಹುಡುಗರ ಚೀಲಗಳಿಗೂ ಪೇಟೆಗೆ ಹೊರಟವರ ಗಂಟುಗಳಿಗೂ ನಡುವೆ, ಆಸ್ಪತ್ರೆಯ ಹೆಸರು ಹೊತ್ತ ಅಗಲವಾದ ಲಕೋಟೆಯೊಂದನ್ನು ಮಡಚದಂತೆ ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡು ಕುಳಿತವರು ಒಬ್ಬಿಬ್ಬರಾದರೂ ಕಾಣಸಿಗುತ್ತಾರೆ. ಲಕೋಟೆಯೊಳಗಿನದು ಬೆನ್ನೆಲುಬಿನದೋ ಮೊಣಕಾಲಿನದೋ ಎಕ್ಸ್‌ರೇ. ಅದರ ಹಿಂದಿನದು ವರ್ಷಗಟ್ಟಲೆ ಸವೆಸಿದ ನಡುನೋವು, ಕುತ್ತಿಗೆಯ ಸೆಳೆತ, ತಲೆಶೂಲೆ, ಇಂಥದೆಂದು ಬೆರಳಿಟ್ಟು ತೋರಿಸಲಾಗದ ಮೈಕೈ ಬೇನೆ. ಊರಿನ ಡಾಕ್ಟರು ಸೂಜಿ ಮಾಡಿಯಾಗಿದೆ, ಅಂಗಡಿಯ ಗುಳಿಗೆ ನುಂಗಿಯಾಗಿದೆ, ಎಣ್ಣೆ ತಿಕ್ಕಿಸಿಯಾಗಿದೆ, ಹರಕೆ ಹೊತ್ತುದೂ ಆಗಿದೆ. ದೊಡ್ಡ ಊರಿನ ದೊಡ್ಡ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ 'ಏನೂ ಇಲ್ಲವಲ್ಲ' ಎಂದಾಗ, ಸಮಾಧಾನಗೊಳ್ಳಬೇಕಾದ ರೋಗಿ ಕುಗ್ಗಿಹೋಗುವುದೇ ಹೆಚ್ಚು. ಏನೂ ಇಲ್ಲವೆಂದಮೇಲೆ ತಾನು ಸೋಗು ಹಾಕುತ್ತಿರುವಳೆಂದು ಮನೆಮಂದಿ ತಿಳಿದಾರು ಎಂಬ ಭಯ ಆಕೆಗೆ. 'ಬ್ಯಾನಿ ಖರೇನ ಐತ್ರೀ ಸಾಹೇಬ್ರ' ಎಂದು ಮತ್ತೆ ಮತ್ತೆ ಹೇಳುವುದು ಆ ಭಯದಿಂದ.

ಬೇನೆ ಖರೆಯೇ. ಈ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರ ಡಾಕ್ಟರ ಉದ್ಗಾರಕ್ಕಿಂತ ರೋಗಿಯ ಮಾತಿಗೇ ಸಮೀಪವಾಗಿದೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿಗೆ ಲಕ್ಷಣ ಹೇಳುವಾಗ ಅದನ್ನು ಬರಿಯ ಇಂದ್ರಿಯಾನುಭವವೆನ್ನದೆ, ಇಂದ್ರಿಯ ಮತ್ತು ಭಾವಗಳೆರಡರ ಅಹಿತಾನುಭವವೆಂದು ಕರೆಯಿತು. 2020ರಲ್ಲಿ ಆ ಲಕ್ಷಣವನ್ನು ಪರಿಷ್ಕರಿಸಿದಾಗಲೂ ಭಾವದ ಅಂಶವನ್ನು ಕೈಬಿಡಲಿಲ್ಲ. ಅದಕ್ಕೂ ಹಿಂದೆ, 1965ರಲ್ಲಿ, ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ಪೆಟ್ಟಿನ ಸುದ್ದಿಯು ನರಗಳ ಮೂಲಕ ನೇರವಾಗಿ ಮಿದುಳಿಗೆ ಹೋಗಿ ತಲಪುವುದಿಲ್ಲವೆಂದೂ, ಬೆನ್ನುಹುರಿಯ ದ್ವಾರದಲ್ಲಿ ಅದನ್ನು ತಡೆಯುವ ಅಥವಾ ಒಳಬಿಡುವ ವ್ಯವಸ್ಥೆಯೊಂದಿದೆಯೆಂದೂ, ಆ ದ್ವಾರದ ಮೇಲೆ ಮಿದುಳಿನ ಆಜ್ಞೆಯೂ ನಡೆಯುತ್ತದೆಂದೂ ಪ್ರತಿಪಾದಿಸಿದ್ದರು. ಭಯ, ಶೋಕ, ಅದುಮಿಟ್ಟ ಕ್ರೋಧಗಳಿಂದ ಸ್ನಾಯುಗಳು ಬಿಗಿಯುತ್ತವೆ, ನಿದ್ರೆ ಕೆಡುತ್ತದೆ, ನೋವನ್ನು ಶಮನಗೊಳಿಸುವ ಮಿದುಳಿನ ಆಜ್ಞೆ ದುರ್ಬಲವಾಗುತ್ತದೆ. ಮೂರು ತಿಂಗಳು ದಾಟಿ ದೀರ್ಘವಾದ ನೋವಿನಲ್ಲಿ ನರಮಂಡಲವೇ ನೋವನ್ನು ಅಭ್ಯಾಸಮಾಡಿಕೊಂಡು, ಮೊದಲಿನ ಪೆಟ್ಟು ಮಾಯ್ದ ಮೇಲೂ ಅದನ್ನು ಮುಂದುವರಿಸುವುದುಂಟು. ಇನ್ನು ಫಿಲ್ಮಿನ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಯಾವ ಬೆನ್ನುನೋವೂ ಇಲ್ಲದವರ ಬೆನ್ನೆಲುಬಿನ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ಹರಯದವರಲ್ಲೇ ನೂರಕ್ಕೆ 37 ಮಂದಿಗೂ, ಎಂಬತ್ತು ದಾಟಿದವರಲ್ಲಿ 96 ಮಂದಿಗೂ ಕಶೇರುಗಳ ನಡುವಣ ಡಿಸ್ಕ್ ಸವೆದುದು ಕಂಡುಬಂತು. 'ಡಿಸ್ಕ್ ಸವದೈತಿ' ಎಂಬ ಮಾತನ್ನು ಕೇಳಿ ಹಾಸಿಗೆ ಹಿಡಿದವರು ಈ ಅಂಕಿಗಳನ್ನು ಒಮ್ಮೆ ನೋಡುವುದೊಳ್ಳೆಯದು.

ಮನಸ್ಸಿನಲ್ಲಿ ಹೂತದ್ದು ಮೈಯಲ್ಲಿ ಬೇನೆಯಾಗಿ ಏಳಬಹುದೆಂಬ ವಿಚಾರಕ್ಕೆ ಆಧುನಿಕ ಕಾಲದಲ್ಲಿ ರೂಪ ಕೊಟ್ಟವರಲ್ಲಿ ಪ್ರಮುಖರು ವಿಯೆನ್ನಾದ ಬ್ರಾಯರ್ ಮತ್ತು ಫ್ರಾಯ್ಡ್. 1895ರಲ್ಲಿ ಅವರು ಹೊರತಂದ ಗ್ರಂಥದಲ್ಲಿ ಎಲಿಜಬೆತ್ ಎಂಬ ಕಲ್ಪಿತ ನಾಮದಿಂದ ಕರೆದ ತರುಣಿಯೊಬ್ಬಳ ವೃತ್ತಾಂತವಿದೆ. ಆಕೆಗೆ ಎರಡು ವರ್ಷಕ್ಕೂ ಮೀರಿ ಕಾಲುನೋವು. ನಡೆಯುವುದೂ ನಿಲ್ಲುವುದೂ ಕಷ್ಟ. ನೋವಿನ ಕೇಂದ್ರ ಬಲದೊಡೆಯ ಒಂದು ಸ್ಥಾನ. ತಿಂಗಳುಗಟ್ಟಲೆ ಮಾತನಾಡಿಸುತ್ತ ಹೋದಮೇಲೆ ಒಂದು ದಿನ ಆಕೆಯೇ ಹೇಳಿದಳು: ತಂದೆ ಕಾಯಿಲೆ ಬಿದ್ದಿದ್ದಾಗ, ಪ್ರತಿದಿನ ಬೆಳಗ್ಗೆ ಆತನ ಊದಿದ ಕಾಲಿಗೆ ಪಟ್ಟಿ ಬದಲಿಸುವ ಹೊತ್ತಿನಲ್ಲಿ ಆ ಕಾಲನ್ನು ತಾನು ಇರಿಸಿಕೊಳ್ಳುತ್ತಿದ್ದುದು ತನ್ನ ತೊಡೆಯ ಅದೇ ಸ್ಥಾನದ ಮೇಲೆ ಎಂದು. ಫ್ರಾಯ್ಡನು ಅಲ್ಲಿಗೆ ನಿಲ್ಲದೆ, ತೀರಿಹೋದ ಅಕ್ಕನ ಗಂಡನ ಮೇಲೆ ಆಕೆಗಿದ್ದ ಗುಪ್ತಾನುರಾಗವೇ ಮೂಲವೆಂದು ನಿರ್ಣಯಿಸಿದ. ಮುಂದೆ ನೃತ್ಯಕೂಟವೊಂದರಲ್ಲಿ ಆಕೆ ಚುರುಕಾಗಿ ಕುಣಿಯುವುದನ್ನು ಕಂಡೆನೆಂದು ಸಂತೋಷದಿಂದ ಬರೆದುಕೊಂಡ. ಆದರೆ ಆಕೆ ಮುಪ್ಪಿನಲ್ಲಿ ಮಗಳೊಡನೆ, ನಾನು ಭಾವನನ್ನು ಪ್ರೀತಿಸಿದ್ದೆನೆಂದು ನನ್ನನ್ನು ಒಪ್ಪಿಸಲು ಆ ಗಡ್ಡದ ಡಾಕ್ಟರು ಹೆಣಗಿದರು, ಅದೇನೂ ನಿಜವಲ್ಲ ಎಂಬರ್ಥದ ಮಾತಾಡಿದಳಂತೆ. ತಂದೆಯ ಕಾಲಿನ ಭಾರವನ್ನು ತಾನೇ ಕಂಡುಕೊಂಡವಳು ಆಕೆ. ಭಾವನ ಕಥೆಯನ್ನು ಹೊರಿಸಿದವರು ಬೇರೆಯವರು. ನನ್ನ ದೃಷ್ಟಿಯಲ್ಲಿ, ಹೂತಿಟ್ಟ ಭಾವವನ್ನು ಮಾತಿನಿಂದ ಹೊರತೆಗೆಯುವ ಈ ಚಿಕಿತ್ಸೆಯ ಸತ್ತ್ವವೂ ಅಪಾಯವೂ ಈ ಒಂದೇ ವೃತ್ತಾಂತದಲ್ಲಿ ಅಡಗಿವೆ.

ಆಮೇಲೆ ನ್ಯೂಯಾರ್ಕಿನಲ್ಲಿ ಜಾನ್ ಸಾರ್ನೋ ಎಂಬ ವೈದ್ಯ (1923-2017), ಬಹುಪಾಲು ಬೆನ್ನುನೋವುಗಳಿಗೆ ಒಳಗೆ ಅದುಮಿಟ್ಟ ಕ್ರೋಧವೇ ಕಾರಣವೆಂದೂ, ಆ ಕ್ರೋಧದಿಂದ ಗಮನವನ್ನು ಬೇರೆಡೆಗೆ ಸೆಳೆಯಲೆಂದು ಮಿದುಳೇ ನೋವನ್ನು ಸೃಷ್ಟಿಸುತ್ತದೆಂದೂ ಸಾರಿ, 1991ರ ತನ್ನ ಪುಸ್ತಕದಿಂದ ಜನಪ್ರಿಯನಾದ. ಆತನ ಆಧಾರ ತನ್ನ ರೋಗಿಗಳ ಅನುಭವವೇ ಹೊರತು ಕ್ರಮಬದ್ಧವಾದ ಪರೀಕ್ಷೆಯಾಗಿರಲಿಲ್ಲ. 'ಬಹುಪಾಲು' ಎಂಬ ಮಾತು ಹೆಚ್ಚಾಯಿತೆಂದು ನನಗೆ ತೋರುತ್ತದೆ. ಕ್ರಮಬದ್ಧವಾದ ಪರೀಕ್ಷೆಗಳು ಬಂದುದು ಅನಂತರ. ಅಮೆರಿಕದ ಲಮ್ಲಿ ಮತ್ತು ಶುಬಿನರ್ ಎಂಬವರು ರೂಪಿಸಿದ, ಭಾವಗಳನ್ನು ಅರಿತು ಹೊರಗೆಡಹುವ ಚಿಕಿತ್ಸಾಕ್ರಮವನ್ನು, ದೀರ್ಘಕಾಲದ ಮೈಕೈ ನೋವಿನಿಂದ ಬಳಲುತ್ತಿದ್ದ 126 ಮಂದಿ ವಯೋವೃದ್ಧ ಮಾಜಿ ಸೈನಿಕರ ಮೇಲೆ ಪ್ರಯೋಗಿಸಿದ ವರದಿ 2024ರಲ್ಲಿ ಪ್ರಕಟವಾಯಿತು. ಆಲೋಚನೆ ನಡವಳಿಕೆಗಳನ್ನು ತಿದ್ದುವ ರೂಢಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 17 ಮಂದಿಗೆ ನೋವು ನೂರಕ್ಕೆ ಮೂವತ್ತರಷ್ಟಾದರೂ ತಗ್ಗಿದರೆ, ಹೊಸ ಚಿಕಿತ್ಸೆಯವರಲ್ಲಿ 63 ಮಂದಿಗೆ ಅಷ್ಟು ತಗ್ಗಿತ್ತು. ಆರು ತಿಂಗಳು ಕಳೆದಾಗ ಆ ಅಂಕಿಗಳು 14 ಮತ್ತು 41. ಅಂತರ ದೊಡ್ಡದು, ಆದರೆ ಅರವತ್ತಮೂರು ನಲವತ್ತೊಂದಕ್ಕೆ ಇಳಿದುದನ್ನೂ ಮರೆಯಬಾರದು.

ಇದೆಲ್ಲ ಪರದೇಶದ ಮಾತಾಯಿತು. ಆದರೆ ಈ ಶಾಸ್ತ್ರದ ಒಂದು ಮುಖ್ಯ ಸೂತ್ರ ಹುಟ್ಟಿದುದು ನಮ್ಮ ಕರ್ನಾಟಕದಲ್ಲಿ. 1970ರ ದಶಕದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದು ಅಧ್ಯಯನ ನಡೆಸಿದ ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ, ಅಲ್ಲಿನ ಹವ್ಯಕ ಸ್ತ್ರೀಯರು, ಅತ್ತೆಯೆದುರು, ಗಂಡನೆದುರು ಬಾಯಿಬಿಟ್ಟು ಆಡಲಾಗದ ಅಸಮಾಧಾನವನ್ನು ಊಟ ಬಿಡುವುದರಲ್ಲಿ, ಮಿತಿಮೀರಿದ ಮಡಿಯಲ್ಲಿ, ಮೇಲಿಂದ ಮೇಲೆ ಬರುವ ಕಾಯಿಲೆಯಲ್ಲಿ, ಕೆಲವೊಮ್ಮೆ ಮೈದುಂಬುವುದರಲ್ಲಿ ವ್ಯಕ್ತಪಡಿಸುವುದನ್ನು ಕಂಡು, ಇವೆಲ್ಲ ಸಂಕಟದ ಬೇರೆ ಬೇರೆ ನುಡಿಗಟ್ಟುಗಳೆಂದು 1981ರಲ್ಲಿ ಲೇಖನ ಬರೆದ. ಇಂದು ಜಗತ್ತಿನ ಮನೋವೈದ್ಯ ಗ್ರಂಥಗಳಲ್ಲೆಲ್ಲ ಆ ಪರಿಭಾಷೆ ಬಳಕೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್, ಚನ್ನಬಸವಣ್ಣ ಮುಂತಾದವರು 80 ಮಂದಿ ಹೊರರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಕಾರಣವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ: ಮನಸ್ಸು ಕುಗ್ಗಿದೆ, ಬದುಕು ಬೇಡವಾಗಿದೆ ಎಂಬ ಲಕ್ಷಣಗಳು ಹೆಚ್ಚಿದಷ್ಟೂ ರೋಗಿಗೆ ಕಳಂಕದ ಭಾವ ಹೆಚ್ಚು, ತಲೆನೋವು, ಮೈನೋವು ಹೆಚ್ಚಿದಷ್ಟೂ ಅದು ಕಡಿಮೆ. ಮೈನೋವು ಯಾರಿಗೆ ತಾನೆ ಬರುವುದಿಲ್ಲ? ಮನೋವ್ಯಾಧಿಯೆಂದರೆ ತಂಗಿಯ ಮದುವೆಗೂ ಅಡ್ಡಿ.

ನರಗುಂದದ ಸೀಮೆಯಲ್ಲಿ ಈ ಕಳಂಕಕ್ಕೊಂದು ಊರಿನ ಹೆಸರೇ ಇದೆ. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಪ್ರಾರಂಭವಾಗಿ, ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿರುವ ಚಿಕಿತ್ಸಾಲಯವಿರುವುದು ಧಾರವಾಡದಲ್ಲಿ. ಆದುದರಿಂದ 'ಇವನ್ನ ಧಾರವಾಡಕ್ಕ ಕಳಸಬೇಕು' ಎಂದರೆ ಅರ್ಥ ವಿವರಿಸಬೇಕಾಗಿಲ್ಲ. ಕವಿಗಳ ಊರಿಗೆ ಬಂದ ಈ ಅಪಕೀರ್ತಿ ಹಾಸ್ಯದ ಮಾತಾಗಿ ಉಳಿದಿದ್ದರೆ ಚಿಂತೆಯಿರಲಿಲ್ಲ; ನಡುನೋವಿನ ಹೆಣ್ಣುಮಗಳಿಗೆ 'ಮನೋವೈದ್ಯರನ್ನು ಕಾಣಿ' ಎಂದು ಚೀಟಿ ಬರೆದುಕೊಟ್ಟರೆ ಆ ಚೀಟಿ ಬಸ್ ನಿಲ್ದಾಣದಲ್ಲೇ ಹರಿದುಬೀಳಲು ಆ ಹಾಸ್ಯವೇ ಸಾಕು. ಕನ್ನಡದಲ್ಲಿ ಈ ಭಯವನ್ನು ಕಳೆಯಲು ಯತ್ನಿಸಿದವರು ಇಲ್ಲದಿಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ಎಂದರೆ 'ರಾಶಿ'ಯವರು, ಮನೋರೋಗಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಪುಸ್ತಕಕ್ಕೆ ಪ್ರಶಸ್ತಿ ಬಂದಷ್ಟು ಸುಲಭವಾಗಿ ಅದರ ವಿಷಯಕ್ಕೆ ನಡುಮನೆಯೊಳಗೆ ಪ್ರವೇಶ ದೊರೆಯಲಿಲ್ಲ.

ಹಾಗೆಂದು ನರಗುಂದವು ಬಾಯಿಸತ್ತ ಊರಲ್ಲ. 1858ರಲ್ಲಿ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಆಂಗ್ಲರ ವಿರುದ್ಧ ಎದ್ದುದು ಇಲ್ಲಿ. ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ರೈತರು ಎದ್ದು, 1980ರ ಜುಲೈ 21ರಂದು ಗೋಲಿಬಾರು ನಡೆದುದು ಇಲ್ಲಿ ಮತ್ತು ನೆರೆಯ ನವಲಗುಂದದಲ್ಲಿ. ಮಹದಾಯಿಯ ನೀರಿಗಾಗಿ 2015ರಿಂದ ಧರಣಿ ಕುಳಿತುದೂ ಇಲ್ಲಿಯೇ. ಆ ಜುಲೈ 21ನ್ನು ರೈತ ಹುತಾತ್ಮರ ದಿನವೆಂದು ವರ್ಷವರ್ಷವೂ ಆಚರಿಸುತ್ತಾರೆ; ವೀರಗಲ್ಲಿಗೆ ಮಾಲೆ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಸಿಟ್ಟನ್ನು ಸಿಟ್ಟೆಂದೇ ಆಡುತ್ತಾರೆ. ಹೀಗೆ ಬಹಿರಂಗದ ದುಃಖಕ್ಕೆ ದಿನಾಂಕವನ್ನೂ ಕಲ್ಲನ್ನೂ ಕೊಟ್ಟ ಊರಿನಲ್ಲಿ, ಉಳ್ಳಾಗಡ್ಡಿಯ ಬೆಲೆ ಬಿದ್ದು ಸಾಲ ಉಳಿದ ವರ್ಷದ ಅವಮಾನಕ್ಕಾಗಲಿ, ಗೋವೆಗೆ ದುಡಿಯಹೋದ ಗಂಡನ ಹಾದಿ ಕಾಯುವ ಹೆಂಡತಿಯ ರೋಷಕ್ಕಾಗಲಿ, ಕೂಸು ಕಳೆದುಕೊಂಡು ಮೂರನೆಯ ದಿನವೇ ಒಲೆ ಹೊತ್ತಿಸಬೇಕಾದ ಸೊಸೆಯ ಶೋಕಕ್ಕಾಗಲಿ ಅಂಥ ಸ್ಥಳವಿಲ್ಲ.

ಹೀಗೆ ಸ್ಥಳ ಸಿಗದ ಭಾವ ಒಳಗೇ ಉಳಿಯುವುದನ್ನು ವಿವರಿಸಲು ನರಗುಂದದವರಿಗೆ ದೂರದ ದೃಷ್ಟಾಂತ ಬೇಕಾಗಿಲ್ಲ. ಎರೆನೆಲದ ಈ ಊರಿನ ಹಳೆಯ ಮನೆಗಳಲ್ಲಿಯೂ ಓಣಿಗಳಲ್ಲಿಯೂ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳಿದ್ದುವು. ಕಾಳು ತುಂಬುವ ರೂಢಿ ತಪ್ಪಿತು, ಮೇಲೆ ಮಣ್ಣು ಬಿತ್ತು, ಅದರ ಮೇಲೆ ರಸ್ತೆಯೂ ಮನೆಯೂ ಎದ್ದುವು; ಎಲ್ಲಿ ಯಾವುದಿತ್ತೆಂಬುದನ್ನು ಮೊಮ್ಮಕ್ಕಳು ಮರೆತರು. ಕಾಲುವೆಯ ನೀರಾವರಿ ಬಂದು ಅಂತರ್ಜಲ ಮೇಲೇರಿದಂತೆ, ಈಚಿನ ವರ್ಷಗಳಲ್ಲಿ ಮನೆಯೊಳಗೆ ನೀರು ಜಿನುಗುವುದೂ ಇದ್ದಕ್ಕಿದ್ದಂತೆ ನೆಲ ಕುಸಿಯುವುದೂ ಸುದ್ದಿಯಾಗತೊಡಗಿ, ಊರವರ ಬೆರಳು ಆ ಮರೆತ ಹಗೇವುಗಳತ್ತ ತಿರುಗಿತು. ಮರೆತುದರಿಂದ ಅವು ಇಲ್ಲವಾಗಿರಲಿಲ್ಲ. ಮನಸ್ಸು ಮುಚ್ಚಿಟ್ಟುದರ ವಿಷಯವೂ ಹೀಗೆಯೇ. ಕುಸಿದ ಕಡೆ ಮೇಲೆ ಮೇಲೆ ಮಣ್ಣು ಸುರಿಯುವುದು ನೋವಿನ ಗುಳಿಗೆಯ ಕೆಲಸ. ಅದೂ ಬೇಕು, ಅದೊಂದೇ ಸಾಲದು.

ನಮ್ಮ ಹಿಂದಿನವರಿಗೆ ಈ ಭಾವವಿಸರ್ಜನೆಯ ಉಪಾಯಗಳು ತಿಳಿದಿರಲಿಲ್ಲವೆಂದಲ್ಲ. ಬೀಸುವ ಕಲ್ಲಿನ ಮುಂದೆ ಬೆಳಗಿನ ಜಾವದಲ್ಲಿ ಕುಳಿತ ಹೆಣ್ಣು, ಅತ್ತೆಯ ಬಿರುನುಡಿಯನ್ನೂ ತವರಿನ ಹಂಬಲವನ್ನೂ ಅಣ್ಣನ ಮರೆವನ್ನೂ ತ್ರಿಪದಿಗೆ ಹೊಂದಿಸಿ ಹಾಡುತ್ತಿದ್ದಳು. ಹಾಡಾದುದರಿಂದ ಅದು ದೂರಾಗುತ್ತಿರಲಿಲ್ಲ, ಕಲ್ಲಿನ ಸದ್ದಿನಲ್ಲಿ ಅರ್ಧ ಮುಳುಗಿದ್ದುದರಿಂದ ಕೇಳಿದವರೂ ಕೇಳದಂತಿರಬಹುದಾಗಿತ್ತು. ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂದು ಸಂಗ್ರಹಿಸಿದ ಸಂಪತ್ತಿನ ಬಹುಭಾಗ ಇಂಥದು. ಸಾವಿನ ಮನೆಯಲ್ಲಿ ಹಾಡ್ಯಾಡಿಕೊಂಡು ಅಳುವ ಪದ್ಧತಿಯೂ, ಮೊಹರಮ್ಮಿನಲ್ಲಿ ಜಾತಿಭೇದವಿಲ್ಲದೆ ಹಾಡುವ ಶೋಕಭರಿತ ರಿವಾಯತ್ ಪದಗಳೂ ಇದೇ ಬಳ್ಳಿಯವು. ಹಿಟ್ಟಿನ ಗಿರಣಿ ಬಂದು ಬೀಸುವ ಕಷ್ಟವನ್ನು ಕಳೆಯಿತು. ಜೊತೆಯಲ್ಲೇ ಹಾಡುವ ಆ ಏಕಾಂತವನ್ನೂ ಕಳೆಯಿತು. ಹಾಗೆಂದು ಗಿರಣಿಯನ್ನು ಹಳಿಯುವ ರಸಿಕರ ಸಾಲಿಗೆ ನಾನು ಸೇರಲಾರೆ. ಮಣಗಟ್ಟಲೆ ಜೋಳ ಬೀಸಿದ ಅಜ್ಜಿಯರ ರಟ್ಟೆ ಬೆನ್ನುಗಳ ಅವಸ್ಥೆ ಹಾಡಿನಲ್ಲಿ ಬರುವಷ್ಟು ಮಧುರವಾಗಿರಲಿಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ನಮ್ಮ ಪರಂಪರೆ ಮನೋನಿಗ್ರಹವನ್ನಲ್ಲವೆ ಬೋಧಿಸಿದುದು? ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ಮಲಮೂತ್ರ, ಸೀನು, ಹಸಿವು, ಕಣ್ಣೀರು, ನಿದ್ರೆ ಮುಂತಾದ ಶರೀರದ ವೇಗಗಳನ್ನು ತಡೆಯಬಾರದೆಂದೂ, ಲೋಭ, ಶೋಕ, ಭಯ, ಕ್ರೋಧಾದಿ ಮನಸ್ಸಿನ ವೇಗಗಳನ್ನು ತಡೆಯಬೇಕೆಂದೂ ಸ್ಪಷ್ಟವಾಗಿ ಹೇಳಿದೆ. ಆದರೆ ಕಣ್ಣೀರು ತಡೆಯಬಾರದ ವೇಗಗಳ ಪಟ್ಟಿಯಲ್ಲಿರುವುದನ್ನು ಗಮನಿಸಬೇಕು. ತನಗೆ ಸಿಟ್ಟು ಬಂದಿದೆಯೆಂದು ಬಲ್ಲವನು ಕೈಯೆತ್ತದೆ ತಡೆದುಕೊಂಡರೆ ಅದು ನಿಗ್ರಹ. ಹಲ್ಲು ಬಿಗಿಹಿಡಿದು, ನನಗೆ ಸಿಟ್ಟೇ ಇಲ್ಲವೆಂದು ತನಗೆ ತಾನೇ ನಂಬಿಸಿಕೊಂಡರೆ ಅದು ದಮನ. ಈ ಚಿಕಿತ್ಸೆ ಕೇಳುವುದು ಭಾವವನ್ನು ಗುರುತಿಸಿ ಅನುಭವಿಸುವುದನ್ನಲ್ಲದೆ ಅತ್ತೆಯ ಮೇಲೆ ತಟ್ಟೆ ಎಸೆಯುವುದನ್ನಲ್ಲ.

ಆದರೂ ಈ ಮಾರ್ಗ ಹಿಡಿಯುವ ಮೊದಲು ಶರೀರದ ರೋಗವನ್ನು ಹುಡುಕಿ ಇಲ್ಲವೆನಿಸಿಕೊಳ್ಳುವುದು ಅತ್ಯವಶ್ಯ. ನರಗುಂದವಿರುವ ಗದಗ ಜಿಲ್ಲೆಯಲ್ಲಂತೂ ಇದನ್ನು ಒತ್ತಿ ಹೇಳಬೇಕು. ಈ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು, ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಂಥ ನೀರನ್ನು ಚಿಕ್ಕಂದಿನಿಂದ ಬಹುಕಾಲ ಕುಡಿದವರಿಗೆ ಮೊದಲು ಹಲ್ಲು ಕಂದುಗಟ್ಟಿ, ಆಮೇಲೆ ಬೆನ್ನು ಕೀಲುಗಳು ಬಿಗಿದು ನೋಯುತ್ತವೆ. ಅದಕ್ಕೆ ಮನಸ್ಸನ್ನು ಕೆದಕುವುದಲ್ಲ, ನೀರನ್ನು ಬದಲಿಸುವುದು ಮದ್ದು. ಬೆನ್ನೆಲುಬಿನ ಕ್ಷಯ, ರಕ್ತಹೀನತೆ, ಥೈರಾಯಿಡಿನ ಕೊರತೆ, ಬಿ12 ಮತ್ತು ಡಿ ಜೀವಸತ್ತ್ವಗಳ ಅಭಾವ ಇವೂ ಮೈಕೈ ನೋವಾಗಿಯೇ ಬರುತ್ತವೆ. ಬೆನ್ನುನೋವಿನೊಡನೆ ಜ್ವರ, ತೂಕದ ಇಳಿತ, ಕಾಲು ಜೋಮುಗಟ್ಟಿ ಬಲಗುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಇನ್ನು ಮೆಣಸಿನಕಾಯಿ ಬಿಡಿಸಿ, ಕಳೆ ತೆಗೆದು, ದಿನವೆಲ್ಲ ಬಗ್ಗಿ ದುಡಿದ ಬೆನ್ನು ನೋಯುವುದಕ್ಕೆ ಗುಪ್ತವಾದ ಕಾರಣವೇಕೆ? ಅದಕ್ಕೆ ಬೇಕಾದುದು ವಿಶ್ರಾಂತಿ ಮತ್ತು ತಕ್ಕ ಕೂಲಿ.

ಇವೆಲ್ಲ ಅಲ್ಲವೆಂದಾದ ಮೇಲೆ, ಅನುಭವಿಯಾದ ವೈದ್ಯ ಕೇಳುವ ಪ್ರಶ್ನೆ ಸರಳವಾದುದು: ನೋವು ಯಾವಾಗಿನಿಂದ? ಈ ಸೀಮೆಯ ಜನ ಕಾಲವನ್ನು ಎಣಿಸುವುದು ತಾರೀಖಿನಿಂದಲ್ಲ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಲಖಮಾಪುರ, ಕೊಣ್ಣೂರುಗಳಿಗೆ ನುಗ್ಗಿದ ವರ್ಷಗಳು ಅವರ ಪಂಚಾಂಗದಲ್ಲಿ ನೆರೆಯ ವರ್ಷಗಳು. 'ನೆರಿ ಬಂದಾಗಿಂದ್ರೀ' ಎಂಬ ಉತ್ತರವನ್ನು ಚೀಟಿಯ ಮೇಲೆ ಇಷ್ಟು ವರ್ಷ ಎಂದು ಅನುವಾದಿಸಿ ಬರೆದುಕೊಂಡು ಮುಂದೆ ಸಾಗಿದರೆ, ಕೈಗೆ ಬಂದ ಸೂತ್ರ ತಪ್ಪಿತು. ಆ ನೆರೆಯಲ್ಲಿ ಮನೆಯ ಗೋಡೆ ಬಿತ್ತೆ, ದನ ಹೋಯಿತೆ, ಯಾರೊಡನೆ ಮಾತು ಮುರಿಯಿತು, ಆಗ ಅತ್ತಿದ್ದಿರಾ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ವ್ಯವಧಾನ ಬೇಕು. ಕೇಳುವವನು ಉತ್ತರವನ್ನು ತಾನೇ ಹೇಳಿಕೊಡಬಾರದು. ಎಲಿಜಬೆತ್ತಳ ವೃತ್ತಾಂತದಲ್ಲಿ ಆದುದು ಅದೇ. ಆರು ನಿಮಿಷಕ್ಕೊಬ್ಬ ರೋಗಿಯನ್ನು ನೋಡಬೇಕಾದ ಡಾಕ್ಟರಿಗೆ ಈ ವ್ಯವಧಾನ ಎಲ್ಲಿಂದ ಬರಬೇಕೆಂಬುದು ನ್ಯಾಯವಾದ ಪ್ರಶ್ನೆಯೇ.

ಅಕ್ಷರ ಬಲ್ಲವರಿಗೆ ಕೇಳುಗರಿಲ್ಲದೆಯೂ ಸ್ವಲ್ಪ ಸಾಧಿಸಬಹುದು. ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಪ್ರಾರಂಭಿಸಿದ ಕ್ರಮದಲ್ಲಿ, ಮೂರು ನಾಲ್ಕು ದಿನ ಒಂದೇ ಸಮನೆ, ದಿನಕ್ಕೆ ಹದಿನೈದಿಪ್ಪತ್ತು ನಿಮಿಷ, ಜೀವನದಲ್ಲಿ ಅತ್ಯಂತ ನೋಯಿಸಿದ ಸಂಗತಿಯನ್ನು, ಕಾಗುಣಿತ ವ್ಯಾಕರಣಗಳ ಗೊಡವೆಯಿಲ್ಲದೆ, ಯಾರಿಗೂ ತೋರಿಸಬೇಕಾಗಿಲ್ಲವೆಂಬ ಧೈರ್ಯದಿಂದ ಬರೆಯುವುದು. 1999ರಲ್ಲಿ ಸ್ಮಿತ್ ಎಂಬವನು ಉಬ್ಬಸ ಮತ್ತು ಸಂಧಿವಾತದ 112 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ, ನಾಲ್ಕು ತಿಂಗಳ ಅನಂತರ ಗುಣ ಕಂಡುದನ್ನು ವರದಿ ಮಾಡಿದ. ಆಮೇಲಿನ ನೂರಾರು ಪ್ರಯೋಗಗಳನ್ನು ಕೂಡಿಸಿ ನೋಡಿದರೆ ಸರಾಸರಿ ಲಾಭ ಅಲ್ಪವೇ; ಆದರೆ ಖರ್ಚು ಒಂದು ನೋಟುಪುಸ್ತಕದ್ದು. ಬರೆಯುವಾಗ ಎದೆ ಹಿಂಡಿದಂತಾಗಿ ನೋವು ತುಸು ಹೆಚ್ಚಿದರೆ ಬೆದರಬೇಕಾಗಿಲ್ಲ. ಆದರೆ ತೀರ ಭೀಕರವಾದ ಅನುಭವಗಳನ್ನು ಒಬ್ಬರೇ ಕೆದಕುವುದು ಯೋಗ್ಯವಲ್ಲ, ಜೊತೆಗೆ ಬಲ್ಲವರೊಬ್ಬರಿರಬೇಕು.

ಆ ಬಲ್ಲವರು ಡಾಕ್ಟರೇ ಆಗಬೇಕೆಂದಿಲ್ಲ ಎಂಬುದನ್ನು, ಈ ಸೀಮೆಯ ಜನ ಕೂಲಿಗೆ ಹೋಗುವ ಗೋವೆಯಲ್ಲಿಯೇ ಮನೋವೈದ್ಯ ವಿಕ್ರಮ್ ಪಟೇಲರ ತಂಡ ತೋರಿಸಿದೆ. ಅಲ್ಲಿನ 24 ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ಖಿನ್ನತೆ ಮತ್ತು ಆತಂಕಗಳಿಂದ ಬಳಲುತ್ತಿದ್ದ 2,796 ಮಂದಿಯನ್ನೊಳಗೊಂಡು, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವೈದ್ಯ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ರೋಗಿಗಳ ಕಷ್ಟಸುಖ ಕೇಳಿ ತಿಳಿಹೇಳುವ ಕೆಲಸಕ್ಕೆ ನೇಮಿಸಿದರು. ಸರಕಾರಿ ಚಿಕಿತ್ಸಾಲಯಗಳಲ್ಲಿ ಗುಣಹೊಂದಿದವರ ಪ್ರಮಾಣ ಗಣನೀಯವಾಗಿ ಏರಿತು. ನಮ್ಮಲ್ಲಿಯೂ ಮನೆಮನೆಯ ನಡುಮನೆಗೆ ಪ್ರವೇಶವಿರುವ ಆಶಾ ಕಾರ್ಯಕರ್ತೆಯರಿದ್ದಾರೆ. ಅವರ ಮೇಲಿರುವ ಹೊರೆಯನ್ನು ಬಲ್ಲವರು ಮತ್ತೊಂದನ್ನು ಹೊರಿಸಲು ಹಿಂಜರಿಯುವುದೂ ಸರಿಯೇ. ಮನೋಚೈತನ್ಯವೆಂಬ ರಾಜ್ಯದ ಕಾರ್ಯಕ್ರಮದಲ್ಲಿ ನಿಗದಿಯಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ದೊರೆಯುವ ಏರ್ಪಾಡಿದೆ. 2022ರ ಅಕ್ಟೋಬರದಲ್ಲಿ ಪ್ರಾರಂಭವಾದ, ಹಗಲಿರುಳೂ ಉಚಿತವಾಗಿ ನಡೆಯುವ ಟೆಲಿ ಮಾನಸ್ ದೂರವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಮನಸ್ಸಿನ ಸುದ್ದಿ ತೆಗೆಯಲು ಸಂಕೋಚವೆನಿಸುವವರು ನಡುನೋವಿನಿಂದಲೇ ಮಾತು ಆರಂಭಿಸಬಹುದು.